ದಾರದಲ್ಲೇ ಕಟ್ಟಿದ ಹಾಕಿ ಮಾಸ್ಕ್: ನನ್ನ ಅನುಭವ

ಐಸ್ ಹಾಕಿಯ ಹಳೇ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಹಾಕುತ್ತಿದ್ದ ಸರಳು ಮಾಸ್ಕಿನ ನಕಲು ಕೊನೆಗೂ ನನ್ನ ಗ್ಯಾರೇಜಿನಲ್ಲಿ ತಯಾರಾಯಿತು. ದಪ್ಪ ಫೈಬರ್ ಮುಖವಾಡ ಮಾಡಿ ಅದರಲ್ಲಿ ಕಿಂಡಿ ಕೊರೆದದ್ದಲ್ಲ. ಪ್ಲಾಂಟ್‌ಗೆ ಅದನ್ನು ಕಟ್ಟಿಕೊಟ್ಟ ಬಿಲ್ ಬರ್ಚ್‌ಮೋರ್ 1960ರ ಹೊತ್ತಿಗೆ ಮಾಡಿದ ಹಾಗೆ, ಗಾಜಿನ ದಾರವನ್ನು ರೆಸಿನ್‌ನಲ್ಲಿ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಅದ್ದಿ, ಒಂದೊಂದೇ ಸರಳು ಕೂರಿಸಿ ಕಟ್ಟಿದ್ದು. ಬೆಲ್ಟು, ಪ್ಯಾಡು ಬಿಟ್ಟು ಸುಮಾರು 320 ಗ್ರಾಂ ತೂಗುತ್ತದೆ. ಪ್ಲಾಂಟ್ ಹಾಕಿಕೊಂಡದ್ದು 10 ಔನ್ಸ್ ಚಿಲ್ಲರೆ, ಅಂದರೆ 290 ಗ್ರಾಂ ಆಸುಪಾಸು. ಅಷ್ಟು ಹತ್ತಿರ ಬಂದಿದ್ದೇನೆ.

ಆಗಲ್ಲ ಅಂದವರೇ ಜಾಸ್ತಿ. ಟೊರೊಂಟೊ ಸುತ್ತಮುತ್ತ ಐಸ್ ಹಾಕಿಯ ಹಳೇ ಗೋಲ್‌ಕೀಪರ್ ಮಾಸ್ಕ್ ಕೂಡಿಡುವವರ ಒಂದು ಬಳಗ ಇದೆ. ಅದರಲ್ಲಿ ಕೆಲವರು ತಾವೇ ನಕಲು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಅವರು ಹೇಳಿದ್ದೆಲ್ಲಾ ಒಂದೇ ಮಾತು. ದಾರ ಜಾರುತ್ತೆ, ಸರಳು ಸರಳು ಕೂಡುವ ಕಡೆ ಗಂಟಾಗುತ್ತೆ, ರೆಸಿನ್ ಸೋರಿಹೋಗುತ್ತೆ. ಸುಮ್ನೆ ಇಡೀ ಮುಖವಾಡದ ಶೆಲ್ ಹಾಕಿ ಕಿಂಡಿ ಕತ್ತರಿಸು, ಬಣ್ಣ ಹೊಡೆದ ಮೇಲೆ ಯಾರಿಗೆ ಗೊತ್ತಾಗುತ್ತೆ?

ಗೊತ್ತಾಗುತ್ತೆ. ಕಣ್ಣಿಗೆ ಅಲ್ಲದಿದ್ದರೂ ಕೈಗೆ ಗೊತ್ತಾಗುತ್ತೆ.

ನನಗೆ ಈ ಹಟ ಹತ್ತಿದ್ದು ಒಂದು ಮುರಿದ ತುಂಡಿನಿಂದ. ಬಳಗದ ಹಿರಿಯರೊಬ್ಬರ ಹತ್ತಿರ ಅದೇ ಕಾಲದ, ಅದೇ ಬಗೆಯ ಮಾಸ್ಕಿನ ಕೆನ್ನೆಯ ಸರಳು ಇತ್ತು. ಕಿರುಬೆರಳಿನಷ್ಟು ಉದ್ದ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಮುರಿದ ತುದಿಯಲ್ಲಿ ಪದರ ಇಲ್ಲ, ನೇಯ್ಗೆಯ ಗೆರೆ ಇಲ್ಲ. ನೂರಾರು ಎಳೆಗಳು ಸರಳಿನ ಉದ್ದಕ್ಕೇ ಮಲಗಿವೆ. ನಡುವೆ ಜೇನಿನ ಬಣ್ಣದ ರೆಸಿನ್, ಅದೂ ಬಹಳ ಕಡಿಮೆ. ಒಂದು ಗಾಳಿಗುಳ್ಳೆ ಹುಡುಕಿದರೂ ಸಿಗಲಿಲ್ಲ. ಶೆಲ್ ಮಾಡಿ ಕತ್ತರಿಸಿದ ಸರಳಿನಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಗರಗಸ ಹೋದ ಕಡೆಯೆಲ್ಲಾ ಎಳೆ ಕಡಿದಿರುತ್ತದೆ. ಹಳೇ ಮಾಸ್ಕ್‌ಗಳ ಗುಣ ಎಂದು ನಾವು ಮಾತಾಡುತ್ತೇವಲ್ಲ, ಅದು ಇರುವುದು ದಪ್ಪದಲ್ಲಿ ಅಲ್ಲ, ಎಳೆ ಎಲ್ಲಿಯೂ ಕಡಿಯದೆ ಹೋಗಿದೆಯಾ ಎಂಬುದರಲ್ಲಿ.

ಬರ್ಚ್‌ಮೋರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆತ ಫೈಬರ್‌ಗ್ಲಾಸ್ ಕೆನಡಾ ಕಂಪನಿಯವನು. 1958ರಲ್ಲಿ ಮಾಂಟ್ರಿಯಲ್ ಫೋರಂನಲ್ಲಿ ಪ್ಲಾಂಟ್‌ನ ಹಣೆಗೆ ಪಕ್ (ಆಟದ ರಬ್ಬರ್ ಬಿಲ್ಲೆ) ಬಿದ್ದದ್ದನ್ನು ನೋಡಿದ. ಆಮೇಲೆ ಆಫೀಸಿನಲ್ಲಿ ಫೈಬರ್‌ಗ್ಲಾಸಿನದೇ ಒಂದು ಬೊಂಬೆಯ ತಲೆ ನೋಡುತ್ತಾ ಕೂತಾಗ, ಮುಖಕ್ಕೆ ಅಂಟಿದ ಹಾಗೆ ಕೂರುವ ಮಾಸ್ಕ್ ಯಾಕೆ ಮಾಡಬಾರದು ಅನ್ನಿಸಿತು. ಪ್ಲಾಂಟ್‌ಗೆ ಪತ್ರ ಬರೆದ. ಮಾಂಟ್ರಿಯಲ್ ಜನರಲ್ ಆಸ್ಪತ್ರೆಯಲ್ಲಿ ಅಚ್ಚು ತೆಗೆದರು. ತಲೆಗೆ ಹೆಂಗಸರ ನೈಲಾನ್ ಸ್ಟಾಕಿಂಗ್, ಮುಖಕ್ಕೆ ವ್ಯಾಸಲೀನ್, ಮೂಗಿಗೆ ಸ್ಟ್ರಾ, ಮೇಲೆ ಪ್ಲಾಸ್ಟರ್. ಆ ಅಚ್ಚಿನ ಮೇಲೆ ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿದ ಗಾಜಿನ ಬಟ್ಟೆ ಹಾಸಿದ. ಸುಮಾರು 3 ಮಿಲಿಮೀಟರ್ ದಪ್ಪ, 14 ಔನ್ಸ್. ನಾವು ಈಗ ಕೈಯಲ್ಲೇ ಪದರ ಹಾಸಿ ಮಾಡುವ ಹ್ಯಾಂಡ್ ಲೇಅಪ್ ಇದೇ, ಏನೂ ಬದಲಾಗಿಲ್ಲ.

1959ರ ನವೆಂಬರ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವನು ಮಾಸ್ಕ್ ಇಲ್ಲದೆ ಇಳಿಯುವುದಿಲ್ಲ ಅಂದ. ಕೋಚ್ ಟೋ ಬ್ಲೇಕ್‌ಗೆ ಮಾಸ್ಕ್ ಕಂಡರೆ ಆಗುತ್ತಿರಲಿಲ್ಲ. ಆದರೆ ಬೇರೆ ಗೋಲ್‌ಕೀಪರ್ ಇರಲಿಲ್ಲ, ಒಪ್ಪಲೇಬೇಕಾಯಿತು. ಪ್ಲಾಂಟ್‌ನ ತಂಡ ಮಾಂಟ್ರಿಯಲ್ 3-1ರಿಂದ ಗೆದ್ದಿತು. ಮುಂದಿನ ಮಾರ್ಚ್‌ನಲ್ಲಿ ಬ್ಲೇಕ್ ಮಾತಿಗೆ ಡೆಟ್ರಾಯಿಟ್ ವಿರುದ್ಧ ಒಂದು ಪಂದ್ಯ ಮಾಸ್ಕ್ ಬಿಟ್ಟು ಆಡಿದ, 0-3 ಸೋಲು. ಮುಂದಿನ ಪಂದ್ಯಕ್ಕೇ ಮಾಸ್ಕ್ ಮತ್ತೆ ಮುಖಕ್ಕೆ ಬಂತು. ಆ ವರ್ಷ ಸ್ಟ್ಯಾನ್ಲಿ ಕಪ್ ಪ್ರಶಸ್ತಿಯೂ ಅವರದೇ.

ಅದಕ್ಕಿಂತ ಮುಂಚೆ ಯಾರೂ ಹಾಕಿರಲಿಲ್ಲ ಅಂತಲ್ಲ. 1927ರಲ್ಲಿ ಕ್ವೀನ್ಸ್ ಯೂನಿವರ್ಸಿಟಿಯ ಎಲಿಜಬೆತ್ ಗ್ರಹಾಂ ಕತ್ತಿವರಸೆಯ ಮಾಸ್ಕ್ ಹಾಕಿ ಆಡಿದ್ದಳು. 1930ರಲ್ಲಿ ಮಾಂಟ್ರಿಯಲ್ ಮರೂನ್ಸ್‌ನ ಕ್ಲಿಂಟ್ ಬೆನೆಡಿಕ್ಟ್ ತೊಗಲಿನದು ಹಾಕಿ ಸ್ವಲ್ಪ ದಿನಕ್ಕೇ ಬಿಟ್ಟ. ಪ್ಲಾಂಟ್ ಬಿಡಲಿಲ್ಲ, ವ್ಯತ್ಯಾಸ ಅಷ್ಟೇ.

ಮುಖಕ್ಕೆ ಅಂಟುವ ಆ ಮೊದಲ ಮಾಸ್ಕಿನಲ್ಲಿ ಸೆಖೆ ಜಾಸ್ತಿ, ಗಾಳಿ ಇಲ್ಲ. ಅದಕ್ಕೇ ಬರ್ಚ್‌ಮೋರ್ ಸರಳುಗಳ ಮಾಸ್ಕ್ ಕಟ್ಟಿದ. ಇಲ್ಲಿನವರು ಪ್ರೆಟ್ಸೆಲ್ ಮಾಸ್ಕ್ ಅನ್ನುತ್ತಾರೆ. ನನ್ನ ಹೆಂಡತಿ ಮೊದಲ ದಿನ ನೋಡಿ ಚಕ್ಕುಲಿ ಇದ್ದ ಹಾಗಿದೆಯಲ್ಲ ಅಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಚಕ್ಕುಲಿ ಎಂದೇ ಹೆಸರು. ಗೋಲ್‌ಕೀಪರ್ ಕೆನ್ ಡ್ರೈಡನ್ 1971ರಲ್ಲಿ ಮಾಂಟ್ರಿಯಲ್‌ಗೆ ಬಂದಾಗಲೂ ಈ ಬಗೆಯದನ್ನೇ ಹಾಕುತ್ತಿದ್ದ.

ಈಗ ಕೆಲಸಕ್ಕೆ ಬರುತ್ತೇನೆ. ಫೈಬರ್ ಕೆಲಸ ಮಾಡಿದವರಿಗೆ ಬರೆಯುತ್ತಿದ್ದೇನೆ. ರೆಸಿನ್ ಗಟ್ಟಿ ಮಾಡುವ ಹಾರ್ಡ್ನರ್ ಎಷ್ಟು, ವ್ಯಾಕ್ಸ್ ಹೇಗೆ ಅಂತ ಹೇಳುತ್ತಾ ಕೂರುವುದಿಲ್ಲ.

ನಾನು ಕೆನಡಾಕ್ಕೆ ಬರುವ ಮುಂಚೆ ಪೀಣ್ಯದಲ್ಲಿ ಒಂದು ಎಫ್‌ಆರ್‌ಪಿ (ಫೈಬರ್ ಸೇರಿಸಿದ ಪ್ಲಾಸ್ಟಿಕ್) ಯೂನಿಟ್‌ನಲ್ಲಿದ್ದೆ. ನೀರಿನ ಟ್ಯಾಂಕು, ಕೂಲರ್ ಬಾಡಿ, ಕುರ್ಚಿ, ಏನು ಆರ್ಡರ್ ಬಂದರೂ ಮಾಡುತ್ತಿದ್ದೆವು. ಪಕ್ಕದ ಶೆಡ್ಡಿನಲ್ಲಿ ರೋವಿಂಗ್, ಅಂದರೆ ಗಾಜಿನ ದಾರ, ಎಳೆದು ಏಣಿಯ ಸರಳು ತೆಗೆಯುತ್ತಿದ್ದರು. ಊಟದ ಬಿಡುವಿನಲ್ಲಿ ಹೋಗಿ ನೋಡುತ್ತಿದ್ದೆ. ದಾರ ರೆಸಿನ್ ತೊಟ್ಟಿಯಲ್ಲಿ ಮುಳುಗಿ, ತೂತಿನಿಂದ ಹಿಂಡಿಸಿಕೊಂಡು, ಬಿಸಿ ಅಚ್ಚಿನ (ಡೈ) ಒಳಗೆ ಹೋಗಿ ಗಟ್ಟಿಯಾಗಿ ಬರುತ್ತಿತ್ತು. ಬಳಗದ ಬೇರೆಯವರು ಬಂದದ್ದು ಬಣ್ಣದ ಕಡೆಯಿಂದ, ಮರಗೆಲಸದ ಕಡೆಯಿಂದ. ಅವರಿಗೆ ದಾರದ ಕೆಲಸ ನೋಡಿ ಅಭ್ಯಾಸವಿಲ್ಲ. ನನಗಿತ್ತು.

ಮುಖದ ಅಚ್ಚಿಗೆ ಪಕ್ಕದ ಬೀದಿಯ ಹುಡುಗ ಕೂತ, ಕಾಲೇಜು ತಂಡದ ಗೋಲ್‌ಕೀಪರ್. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಆಲ್ಜಿನೇಟ್, ಮೇಲೆ ಪ್ಲಾಸ್ಟರ್ ಬ್ಯಾಂಡೇಜ್. ಒಳಗೆ ಡೆಂಟಲ್ ಪ್ಲಾಸ್ಟರ್ ಸುರಿದು ತಲೆ ತೆಗೆದೆ. ಹಣೆ, ಕೆನ್ನೆ, ಗಲ್ಲದ ಮೇಲೆ 5–6 ಮಿಲಿಮೀಟರ್ ಜೇಡಿಮಣ್ಣು ಏರಿಸಿದೆ, ಪ್ಯಾಡಿಗೆ ಜಾಗ ಬೇಕಲ್ಲ. ಇಲ್ಲಿಯವರೆಗೆ ಎಲ್ಲರೂ ಮಾಡುವುದೇ.

ಮೊದಲು ಹಿಡಿದ ದಾರಿ, ಪ್ಲಾಸ್ಟರ್ ತಲೆಯಲ್ಲೇ ಕಾಲುವೆ ಕೆತ್ತಿ ಅದರಲ್ಲಿ ನೆನೆದ ರೋವಿಂಗ್ ತುಂಬುವುದು. ಬಿಚ್ಚುವಾಗ ಪ್ಲಾಸ್ಟರ್ ಪುಡಿಯಾಯಿತು, ಸರಳಿನ ಅಡಿಯೆಲ್ಲಾ ಸುಣ್ಣ. ತೂಕ ಹಾಕಿದರೆ 500 ಗ್ರಾಂ ಹತ್ತಿರ. ಅರ್ಧಕ್ಕರ್ಧ ರೆಸಿನ್ನೇ ಇತ್ತು. ಎರಡನೇ ದಾರಿ, ಮೊಳೆ ಹೊಡೆದು ಮೊಳೆಯಿಂದ ಮೊಳೆಗೆ ದಾರ ಎಳೆದು ಬಿಗಿಯುವುದು. ಎಳೆ ನೆಟ್ಟಗೆ ಬಂತು, ಆದರೆ ಮುಖ ಉಬ್ಬಿದ ಕಡೆ ಸರಳು ಚಪ್ಪಟೆಯಾಯಿತು, ತಗ್ಗಿನ ಕಡೆ ಮೇಲೆದ್ದಿತು. ಕೆನ್ನೆಯಿಂದ ಮೂಗಿಗೆ ತಿರುಗುವ ಜಾಗ ನೋಡಲಾಗುತ್ತಿರಲಿಲ್ಲ. ಅದೇ ಹೊತ್ತಿಗೆ ಜನವರಿ ಬಂತು. ಗ್ಯಾರೇಜಿನಲ್ಲಿ ಹೀಟರ್ ಹಾಕಿದರೂ 10 ಡಿಗ್ರಿ ದಾಟುತ್ತಿರಲಿಲ್ಲ. ಹಾರ್ಡ್ನರ್ ಜಾಸ್ತಿ ಮಾಡಿದರೆ ಹೊರಗೆ ಗಟ್ಟಿ, ಒಳಗೆ ಅಂಟಂಟು. ಒಂದು ಮಾಸ್ಕ್ ವಾರವಾದರೂ ಉಗುರಿಗೆ ಸಿಗುತ್ತಿತ್ತು.

ಆಗ ಪೀಣ್ಯದ ನಮ್ಮ ಮೇಸ್ತ್ರಿಗೆ ಫೋನ್ ಮಾಡಿದೆ. ಈಗ ವಯಸ್ಸಾಗಿದೆ, ಕೆಲಸ ಬಿಟ್ಟಿದ್ದಾರೆ. ವಿಡಿಯೋದಲ್ಲಿ ಎಲ್ಲಾ ತೋರಿಸಿದೆ.

"ಅಣ್ಣಾ, ತೂಕ ಇಳೀತಾನೇ ಇಲ್ಲ."

"ದಾರ ತೂಕ ಹಾಕಿದ್ಯಾ?"

"ಇಲ್ಲ, ಕಣ್ಣಂದಾಜು."

"ಟ್ಯಾಂಕಿಗೆ ಕಣ್ಣಂದಾಜು ನಡೆಯುತ್ತಪ್ಪಾ. ಇದಕ್ಕೆ ತಕ್ಕಡಿ ಇಟ್ಕೋ. ದಾರ ಅರವತ್ತು, ರೆಸಿನ್ ನಲವತ್ತು. ಜಾಸ್ತಿ ಆದದ್ದನ್ನ ಹಿಂಡು."

ಅಲ್ಲಿಂದ ದಾರಿ ಸರಿಯಾಯಿತು. ಸರಳು 8 ಮಿಲಿಮೀಟರ್ ಅಗಲ, 6 ದಪ್ಪ. ಅದಕ್ಕೆ 2400 ಟೆಕ್ಸ್ (ಕಿಲೋಮೀಟರಿಗೆ 2400 ಗ್ರಾಂ) ರೋವಿಂಗ್ 20ರಿಂದ 25 ಎಳೆ ಸಾಕು. ಇಡೀ ಮಾಸ್ಕಿಗೆ ಸರಳಿನ ಉದ್ದ ಒಟ್ಟು ಮೂರೂವರೆ ಮೀಟರ್ ಚಿಲ್ಲರೆ. ಲೆಕ್ಕ ಹಾಕಿದರೆ 300 ಗ್ರಾಂ ಸುತ್ತಲೇ ಬರುತ್ತದೆ. ಬರ್ಚ್‌ಮೋರ್‌ನ ತೂಕ ಆಕಸ್ಮಿಕ ಅಲ್ಲ ಅಂತ ಆವತ್ತು ಗೊತ್ತಾಯಿತು. ನೆನೆದ ದಾರವನ್ನು ಸ್ಟೀಲ್ ವಾಷರಿನ ತೂತಿನಿಂದ ಎಳೆದು ಹಿಂಡಿದೆ. ಮೊದಲು ದೊಡ್ಡ ತೂತು, ಆಮೇಲೆ ಚಿಕ್ಕದು. ಕಪ್ಪಿನೊಳಗೆ ಬೀಳುವ ರೆಸಿನ್ ನೋಡಿದರೆ ಮೊದಲಿನ ಮಾಸ್ಕ್‌ಗಳಲ್ಲಿ ಎಷ್ಟು ದಂಡವಾಗಿತ್ತು ಅಂತ ತಿಳಿಯುತ್ತದೆ.

ಕಾಲುವೆಗೆ ಸಿಲಿಕೋನ್ ಬಂತು. ಮಣ್ಣಿನಲ್ಲಿ ಪೂರ್ತಿ ಮಾಸ್ಕ್ ಮಾಡಿ, ಅದರ ಮೇಲೆ ಸಿಲಿಕೋನ್ ಸುರಿದು, ಹಿಂದೆ ಫೈಬರಿನ ಕವಚ ಕೊಟ್ಟೆ. ಮಣ್ಣು ತೆಗೆದರೆ ಸರಳಿನ ಕಾಲುವೆಗಳೆಲ್ಲಾ ಒಳಗೆ ನಿಲ್ಲುತ್ತವೆ. ದಾರ ಅದರಲ್ಲಿ ಮಲಗುತ್ತದೆ, ಜಾರಲು ಜಾಗವಿಲ್ಲ. ಬಿಚ್ಚುವಾಗ ಸಿಲಿಕೋನ್ ಬಾಗುತ್ತದೆ, ಏನೂ ಮುರಿಯುವುದಿಲ್ಲ. ಹಳೇ ರಜಾಯಿ, ಅದರೊಳಗೆ ಒಂದು ಬಲ್ಬು, ಒಂದು ಥರ್ಮೋಸ್ಟಾಟ್. ಅಚ್ಚು 25 ಡಿಗ್ರಿಯಲ್ಲೇ ನಿಂತಿತು. ಚಳಿಯ ಕಾಟವೂ ಮುಗಿಯಿತು.

ಉಳಿದದ್ದು ಗಂಟು. ಎರಡು ಸರಳು ಕೂಡುವ ಕಡೆ ಎರಡರ ದಾರವೂ ಒಂದರ ಮೇಲೊಂದು ಬಿದ್ದರೆ ದಪ್ಪ ಎರಡರಷ್ಟಾಗುತ್ತದೆ. ಎಲ್ಲರೂ ಹೆದರಿಸಿದ್ದು ಇದನ್ನೇ ಹೇಳಿ. ನಾನು ದಾರವನ್ನು ಕಂತು ಕಂತಾಗಿ ಹಾಕುತ್ತೇನೆ. ಅಡ್ಡ ಸರಳಿನ ಒಂದಿಷ್ಟು ಎಳೆ, ಮೇಲೆ ಉದ್ದ ಸರಳಿನದು, ಮತ್ತೆ ಅಡ್ಡದ್ದು. ಕೂಡುವ ಜಾಗದಲ್ಲಿ ಎಳೆಗಳನ್ನು ಬಾಚಿ ಅಗಲ ಮಾಡುತ್ತೇನೆ, ಕಾಲುವೆಯೂ ಅಲ್ಲಿ ಎರಡು ಮಿಲಿಮೀಟರ್ ಅಗಲ ಇಟ್ಟಿದ್ದೇನೆ. ಹಳೇ ಫೋಟೋಗಳಲ್ಲೂ ಆ ಜಾಗ ಸ್ವಲ್ಪ ಹರಡಿಕೊಂಡೇ ಕಾಣುತ್ತದೆ. ಮೂಗಿನ ಮೇಲೆ ಹೆಚ್ಚು ಸರಳು ಒಟ್ಟಿಗೆ ಬರುವ ಜಾಗಕ್ಕೆ ಮಾತ್ರ ಬೇರೆ ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ರೆಸಿನ್‌ಗೆ ಬೆರೆಸುವ ಇನ್ನೊಂದು ಪದಾರ್ಥದ ವಿಷಯವೂ ನನ್ನಲ್ಲೇ ಇರಲಿ. ಎರಡು ಚಳಿಗಾಲ ತಿಂದ ವಿದ್ಯೆ ಅದು.

ದುಡ್ಡಿನ ಮಾತು. ಸಿಲಿಕೋನ್ ಒಂದೇ 400 ಡಾಲರ್ ನುಂಗಿತು, ಮೊದಲ ಅಚ್ಚು ಕೆಟ್ಟದ್ದಕ್ಕೆ ಇನ್ನೂ ಅಷ್ಟು. ರೋವಿಂಗ್ ಉರುಳೆ ಬಿಡಿಯಾಗಿ ಸಿಗುವುದಿಲ್ಲ, ಸುಮಾರು 20 ಕೆಜಿಯದೇ ತೆಗೆದುಕೊಳ್ಳಬೇಕು. 120 ಡಾಲರ್ ಕೊಟ್ಟ ನೆನಪು. ನನ್ನ ಜೀವಮಾನಕ್ಕೆ ಸಾಕು. ರೆಸಿನ್ ನಾಲ್ಕು ಲೀಟರಿಗೆ 80 ಆಸುಪಾಸು, ಎಷ್ಟು ಡಬ್ಬ ಅಂತ ಲೆಕ್ಕ ಇಟ್ಟಿಲ್ಲ. ಆಲ್ಜಿನೇಟ್, ಪ್ಲಾಸ್ಟರ್, ಮಣ್ಣು, ಉಸಿರಾಟದ ಮಾಸ್ಕಿನ ಫಿಲ್ಟರ್, ಕೈಗವಸು ಎಲ್ಲಾ ಸೇರಿ ಎರಡೂವರೆ ಸಾವಿರ ದಾಟಿದೆ. ಒಂದು ಸಲ ಆನ್‌ಲೈನ್ ಅಂಗಡಿಯೊಂದು ಅವಧಿ ಮೀರಿದ ರೆಸಿನ್ ಕಳಿಸಿ, ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದು ಡಬ್ಬದಲ್ಲೇ ಮುದ್ದೆಯಾಗಿತ್ತು. ಈಗ ಒಂದು ಮಾಸ್ಕಿಗೆ ಸಾಮಾನಿನ ಖರ್ಚು 40 ಡಾಲರ್ ಮೀರುವುದಿಲ್ಲ. ಕೂಲಿಯೇ ಎಲ್ಲಾ. ಮೊದಲನೆಯದನ್ನು ಮಾರಿಲ್ಲ, ಮಾರುವುದೂ ಇಲ್ಲ. ಎರಡನೆಯದು 900 ಡಾಲರಿಗೆ ಹೋಯಿತು. ಕೊಂಡವರು ಕತ್ತರಿಸು ಅಂತ ನನಗೆ ಬುದ್ಧಿ ಹೇಳಿದವರೇ.

ಅವರು ಮನಸ್ಸು ಬದಲಾಯಿಸಿದ್ದು ಬೀಳಿಸುವ ಪರೀಕ್ಷೆ ನೋಡಿದ ಮೇಲೆ. ಪಕ್ 170 ಗ್ರಾಂ ರಬ್ಬರ್. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಏಟು ಹತ್ತು ಕೆಜಿ ತೂಕ ಒಂದೂವರೆ ಮೀಟರ್‌ನಿಂದ ಬಿದ್ದಷ್ಟು. ಲೆಕ್ಕದ ಮಟ್ಟಿಗೆ ಸಮ, ವೇಗ ಬೇರೆ, ಅಷ್ಟು ತಿಳಿದೇ ಮಾಡಿದ್ದು. ಮರದ ತಲೆಗೆ ಮಾಸ್ಕ್ ಕಟ್ಟಿ, ಕೆನ್ನೆಯ ಸರಳಿನ ಮೇಲೆ ಪಕ್ ಇಟ್ಟು, ಪೈಪಿನೊಳಗಿಂದ ತೂಕ ಬಿಟ್ಟೆ. ಕತ್ತರಿಸಿ ಮಾಡಿದ ಮಾಸ್ಕ್ ಮೊದಲ ಏಟಿಗೇ ಸರಳಿನ ಅಂಚಿನಿಂದ ಪದರ ಬಿಟ್ಟಿತು, ಎರಡನೇ ಏಟಿಗೆ ತುಂಡಾಯಿತು. ದಾರದ್ದು ಮೊದಲ ಏಟಿಗೆ ಕೂಡುವ ಜಾಗದಲ್ಲಿ ಸ್ವಲ್ಪ ಬಿಳಿಚಿತು, ಅಷ್ಟೇ. ನಾಲ್ಕೋ ಐದೋ ಏಟಾದ ಮೇಲೆ ಒಂದು ಸರಳಿನ ರೆಸಿನ್ ಒಡೆಯಿತು. ಎಳೆ ಆಗಲೂ ಹಿಡಿದುಕೊಂಡೇ ಇತ್ತು. ಕತ್ತರಿಸಿದ್ದು 430 ಗ್ರಾಂ ಇತ್ತು ಅನ್ನುವುದನ್ನೂ ಹೇಳಬೇಕು. ಹಗುರವಾದದ್ದೇ ಗಟ್ಟಿ ನಿಂತಿತು.

ಇದರ ನಡುವೆ ಬೇರೆ ಚಪಲಗಳೂ ಆದವು. ಗಾಜಿನ ಬದಲು ಸೆಣಬಿನ ದಾರ ಹಾಕಿ ನೋಡಿದೆ. ಸೆಣಬು ರೆಸಿನ್ ಕುಡಿಯುತ್ತದೆ, ತೂಕ 450 ದಾಟಿತು, ಅರ್ಧ ಎತ್ತರದಿಂದ ಬಿಟ್ಟ ತೂಕಕ್ಕೇ ಮುರಿಯಿತು. ಹಳೇ ಬಣ್ಣ ಬರಿಸಲು ಟೀ ಡಿಕಾಕ್ಷನ್‌ನಲ್ಲಿ ಅದ್ದಿದೆ. ಗಟ್ಟಿಯಾದ ರೆಸಿನ್ ಟೀ ಹೀರುವುದಿಲ್ಲ, ಕೊರೆದ ತೂತಿನ ಅಂಚು ಮಾತ್ರ ಕಂದಿತು. ಒಂದು ಬೇಸಿಗೆ ಪೂರ್ತಿ ಹಿತ್ತಿಲಿನ ಬಿಸಿಲಿಗೆ ಇಟ್ಟದ್ದು ಮಾತ್ರ ತಾನೇ ಹಳದಿಯಾಯಿತು. ಪಾಲಿಯೆಸ್ಟರ್‌ಗೆ ಬಿಸಿಲೇ ಸಾಕು, ಬೇರೆ ಔಷಧ ಬೇಡ.

ಹಳೇ ಮಾಸ್ಕ್ ಕೈಗೆ ಸಿಕ್ಕರೆ ನಾನು ಮುಂಭಾಗ ನೋಡುವುದೇ ಇಲ್ಲ. ತಿರುಗಿಸಿ ಒಳಗೆ ನೋಡುತ್ತೇನೆ. ಬಟ್ಟೆಯ ನೇಯ್ಗೆ ಕಾಣುತ್ತದಾ, ಅಥವಾ ಚಾಪ್ಡ್ ಮ್ಯಾಟಿನ ಚೆಲ್ಲಾಪಿಲ್ಲಿ ಎಳೆಯಾ? ಗಾಳಿತೂತಿನ ಅಂಚು ಬಿಳಿಚಿದೆಯಾ? ಬಿಳಿಚಿದ್ದರೆ ಅಲ್ಲಿ ಪದರ ಬಿಡುತ್ತಿದೆ. ಬೆಲ್ಟಿನ ರಿವೆಟ್ ಸುತ್ತ ಬಿರುಕು ಇದೆಯಾ? ಕೂಡಿಡುವವರು ಬಣ್ಣಕ್ಕೆ ಬೀಳುತ್ತಾರೆ. ಬಣ್ಣ ಆಮೇಲೆ ಬಂದದ್ದು. ಬಾಸ್ಟನ್‌ನ ಜೆರ್ರಿ ಚೀವರ್ಸ್ ಏಟು ಬಿದ್ದ ಕಡೆಯೆಲ್ಲಾ ಕಪ್ಪು ಹೊಲಿಗೆ ಬರೆಸಿದ, ಎಲ್ಲರಿಗೂ ಆ ಹೊಲಿಗೆ ಗೊತ್ತು. ಆ ಮಾಸ್ಕ್ ಮಾಡಿದವನು ಮ್ಯಾಸಚೂಸೆಟ್ಸ್‌ನ ನಾರ್ವುಡ್ ಊರಿನ ಪ್ಲಂಬರ್ ಅರ್ನಿ ಹಿಗಿನ್ಸ್, ಮೊದಲು ತನ್ನ ಮಗನಿಗೆ ಅಂತ ಮಾಡಲು ಶುರು ಮಾಡಿದವನು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಟೆರ್ರಿ ಸಾಚುಕ್ 1962ರಿಂದ ಹಾಕಿದ್ದು ಡೆಟ್ರಾಯಿಟ್ ತಂಡದ ಟ್ರೈನರ್ ಲೆಫ್ಟಿ ವಿಲ್ಸನ್ ಮಾಡಿಕೊಟ್ಟದ್ದು. ವಿಲ್ಸನ್ ಸ್ವತಃ ಗೋಲ್‌ಕೀಪರ್ ಇಲ್ಲದ ದಿನ ಗೋಲಿನಲ್ಲಿ ನಿಂತವನು. ಏಟು ಎಲ್ಲಿ ಬೀಳುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವರೆಲ್ಲಾ ಕೈಕೆಲಸದ ಜನ. ನನಗೆ ಈ ಮಾಸ್ಕ್‌ಗಳ ಮೇಲೆ ಇಷ್ಟು ಪ್ರೀತಿ ಇರುವುದೂ ಅದಕ್ಕೇ.

ಆಡಲು ಹಾಕಿಕೊಳ್ಳಬಹುದಾ ಅಂತ ಕೇಳುವವರಿಗೆ ಖಂಡಿತ ಬೇಡ ಅನ್ನುತ್ತೇನೆ. ಒಳ್ಳೆಯ ಹಳೇ ಮಾಸ್ಕ್ ತಲೆ ಉಳಿಸುತ್ತಿತ್ತು. 1970ರ ಫೈನಲ್‌ನಲ್ಲಿ ಸೇಂಟ್ ಲೂಯಿಸ್ ಪರ ಆಡುತ್ತಿದ್ದ ಪ್ಲಾಂಟ್‌ನ ಮಾಸ್ಕ್ ಏಟಿಗೆ ಒಡೆಯಿತು, ಆತ ಆಸ್ಪತ್ರೆ ಸೇರಿದ, ಜೀವ ಉಳಿಯಿತು. ಆದರೆ ಕಣ್ಣಿನ ಕಿಂಡಿ ತೆರೆದೇ ಇರುತ್ತಿತ್ತು. 1979ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಬರ್ನಿ ಪೇರೆಂಟ್‌ನ ಕಣ್ಣಿಗೆ ಆ ಕಿಂಡಿಯಿಂದಲೇ ಸ್ಟಿಕ್ಕಿನ ತುದಿ ನುಗ್ಗಿತು, ಅವನ ಆಟ ಅಲ್ಲಿಗೇ ಮುಗಿಯಿತು. ಡೇವ್ ಡ್ರೈಡನ್ ಮತ್ತು ಗ್ರೆಗ್ ಹ್ಯಾರಿಸನ್ ಫೈಬರ್ ಮಾಸ್ಕಿನ ನಡುವೆ ತಂತಿಯ ಜಾಲರಿ ಕೂರಿಸಿದ್ದು ಆಟಕ್ಕೆ ಸರಿಯಾದ ದಾರಿ. ಈಗಿನ ಗೋಲ್‌ಕೀಪರ್‌ಗಳದು ಅದೇ ವಂಶ. ಅಚ್ಚಿಗೆ ಮುಖ ಕೊಟ್ಟ ಹುಡುಗ ಎಷ್ಟು ಕೇಳಿದರೂ ಚಕ್ಕುಲಿಯನ್ನು ಅವನಿಗೆ ಐಸಿನ ಮೇಲೆ ಹಾಕಿಕೊಳ್ಳಲು ಕೊಟ್ಟಿಲ್ಲ.

ಈಗ ಸಾಚುಕ್ ಮಾಸ್ಕಿಗೆ ಆರ್ಡರ್ ಬಂದಿದೆ. ಅದು ಶೆಲ್, ದಾರದ ಕೆಲಸ ಅಲ್ಲ. ಆದರೂ ಎಳೆ ಕಡಿಯಬಾರದು ಎಂಬ ಮಾತು ಅಲ್ಲೂ ನಿಲ್ಲುತ್ತದೆ. ಕಣ್ಣಿನ ಕಿಂಡಿಯನ್ನು ಆಮೇಲೆ ಕೊರೆಯುವ ಬದಲು, ಹಸಿ ಇರುವಾಗಲೇ ಬಟ್ಟೆಯ ಎಳೆಗಳನ್ನು ಕಿಂಡಿಯ ಸುತ್ತ ಸರಿಸಿ ಕೂರಿಸಲು ನೋಡುತ್ತಿದ್ದೇನೆ. ಸಡಿಲ ನೇಯ್ಗೆಯ ತೆಳು ಬಟ್ಟೆ ಬೇಕು, ಚದರ ಗಜಕ್ಕೆ 6 ಔನ್ಸಿನದು. ನನ್ನ ಹತ್ತಿರ ಇರುವ 10 ಔನ್ಸಿನದು ಹುಬ್ಬಿನ ತಿರುವಿನಲ್ಲಿ ಮೇಲೇಳುತ್ತಿದೆ. ಬಳಗದವರು ಇದಕ್ಕೂ ಆಗಲ್ಲ ಅನ್ನುತ್ತಿದ್ದಾರೆ. ಬಟ್ಟೆ ಮುಂದಿನ ವಾರ ಬರುತ್ತದೆ.